ಎರಡು ಕೈ ದಿನ

ನಮ್ಮ ಕಾರ್ಖಾನೆಗೆ ವರ್ಷಕ್ಕೊಮ್ಮೆ ಒಬ್ಬ ಇನ್ಸ್‌ಪೆಕ್ಟರ್ ಬರುತ್ತಿದ್ದ. ಲಂಚ ತಿನ್ನುತ್ತಿದ್ದ. ಹಿಂದಿನ ದಿನವೇ ಫೋನ್ ಮಾಡಿ, "ನಾಳೆ ಹಠಾತ್ತಾಗಿ ಬರ್ತೀನಿ" ಎಂದು ತಿಳಿಸುತ್ತಿದ್ದ. ಆ ಮನುಷ್ಯ ಬರುವುದು ನಿಂತುಹೋದಾಗ ಯಾರೂ ಅಳಲಿಲ್ಲ. ಅತ್ತದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಮೂರು ಬೆರಳು ಹೋಗಿದ್ದವು.

ನಾನು ಆ ಕಾರ್ಖಾನೆಯ ಗುಮಾಸ್ತ. ಗೇಟಿನ ಪಕ್ಕದ ಕೋಣೆ ನನ್ನದು. ಒಂದು ಕಿಟಕಿ ರಸ್ತೆಗೆ, ಇನ್ನೊಂದು ಒಳಗೆ, ಉಕ್ಕು ಕತ್ತರಿಸುವ ಪ್ರೆಸ್ಸುಗಳ ಕಡೆಗೆ. ಕಾರಿನ ಸೀಟ್ ಬೆಲ್ಟಿನ ತುದಿಯಲ್ಲಿ ಒಂದು ಉಕ್ಕಿನ ನಾಲಿಗೆ ಇರುತ್ತದಲ್ಲ, ಟಕ್ಕೆಂದು ಗೂಡಿಗೆ ಹೋಗಿ ಕೂರುವಂಥದ್ದು, ನಾವು ಮಾಡುವುದು ಅದನ್ನು. ಅಷ್ಟೂ ಹಡಗು ಹತ್ತಿ ಹೋಗುತ್ತದೆ. ನಾವು ಯಾವತ್ತೂ ಕೂರದ ಕಾರಿನಲ್ಲಿ ನಾವು ಯಾವತ್ತೂ ನೋಡದ ಮನುಷ್ಯ ಮುಗ್ಗರಿಸಬಾರದು. ಅದಕ್ಕಾಗಿ ನೂರಕ್ಕೆ ಒಂದು ನಾಲಿಗೆಯನ್ನು ಮುರಿಯುವವರೆಗೆ ಜಗ್ಗಿ ಪರೀಕ್ಷೆ ಮಾಡುತ್ತಾರೆ. ಅಂಚನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಚೂಪು ಇದ್ದರೆ ಕೆಂಪು ಡಬ್ಬಿಗೆ. ಕೊಳ್ಳುವವರ ಬೆರಳಿಗೆ ಗೀರಬಾರದು ನೋಡಿ.

ಪ್ರೆಸ್ಸುಗಳು ಇಪ್ಪತ್ತನಾಲ್ಕು. ನಡೆಸುವವರು ಇಪ್ಪತ್ತನಾಲ್ಕು ಜನ ಹೆಂಗಸರು. ಪ್ರತಿ ಪ್ರೆಸ್ಸಿಗೂ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು, ನಡುವೆ ಒಂದೂವರೆ ಮೊಳ ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗಿಡಲು ಮೂರನೆಯ ಕೈ ಇರುವುದಿಲ್ಲ. ಇಷ್ಟೇ ವಿದ್ಯೆ. ಇದನ್ನು ಕಂಡುಹಿಡಿದವನಿಗೆ ಮನುಷ್ಯರ ಮೈಯ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಮಾಲೀಕರ ಬಗ್ಗೆ ಗೊತ್ತಿರಲಿಲ್ಲ.

ಎರಡು ಕೈಯಿಂದ ಒತ್ತಿದರೆ ಒಂದು ಪಾಳಿಗೆ ಒಂಬೈನೂರು ನಾಲಿಗೆ ಬೀಳುತ್ತವೆ. ಎಡಗಡೆಯ ಗುಂಡಿಗೆ ಬೆಣೆ ಹೊಡೆದು ಅದನ್ನು ಒತ್ತಿದಂತೆಯೇ ಇಟ್ಟರೆ ಎಡಗೈ ಬಿಡುವಾಗುತ್ತದೆ. ಅದು ಉಕ್ಕಿನ ಪಟ್ಟಿ ತಳ್ಳುತ್ತಿರುತ್ತದೆ, ಬಲಗೈ ಒತ್ತುತ್ತಿರುತ್ತದೆ. ಆಗ ಎರಡು ಸಾವಿರ. ಬೆಣೆ ಹಾಕಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಎರಡು ಸಾವಿರ ಬೇಕು ಎಂದಷ್ಟೇ ಹೇಳಿದರು.

ಬೆಣೆ ಮಾಡಿದವನು ನಮ್ಮ ಮೇಸ್ತ್ರಿ. ಅಚ್ಚು ಸಾಣೆ ಹಿಡಿಯುವ ಕೆಲಸ ಅವನದು. ಮೊದಮೊದಲು ಹೆಂಗಸರು ಮರದ ಚೂರು ತುರುಕುತ್ತಿದ್ದರು, ಅದು ಬಿದ್ದುಹೋಗುತ್ತಿತ್ತು. ಅರೆಕೊರೆ ಕೆಲಸ ಕಂಡರೆ ಮೇಸ್ತ್ರಿಗೆ ಆಗುವುದಿಲ್ಲ. ಹಿತ್ತಾಳೆಯಲ್ಲಿ ಇಪ್ಪತ್ತನಾಲ್ಕು ಬೆಣೆ ಕಡೆದ. ಹೊಳೆಯುವಂತೆ ಉಜ್ಜಿದ. ಒಬ್ಬರದು ಒಬ್ಬರಿಗೆ ಹೋಗಬಾರದೆಂದು ಒಂದೊಂದರ ಮೇಲೂ ಪ್ರೆಸ್ಸಿನ ನಂಬರು ಕೊರೆದ. ಆಮೇಲೆ ಸಾಮಾನಿನ ಪುಸ್ತಕದಲ್ಲಿ ಬರೆದೂ ಇಟ್ಟ: 'ಹಿತ್ತಾಳೆ ಬೆಣೆ, 24.' ಕಳ್ಳತನಕ್ಕೂ ರಸೀದಿ ಕೊಡುವ ಪ್ರಾಮಾಣಿಕ.

ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ. ಮೂವತ್ತು ವರ್ಷ ಪ್ರೆಸ್ಸಿನ ಪಕ್ಕದಲ್ಲಿದ್ದವನಿಗೆ ಯಾಕೆ ಕೇಳಿಸಬೇಕು? ಕಾರ್ಖಾನೆಯ ಸದ್ದು ಅವನಿಗೆ ಗೊತ್ತಾಗುವುದು ಅಂಗಾಲಿನಲ್ಲಿ. ಇನ್ಸ್‌ಪೆಕ್ಟರ್ ಬರುವ ದಿನ ಅವನು ತಗಡಿನ ತಟ್ಟೆ ಹಿಡಿದು ಒಂದರಿಂದ ಇಪ್ಪತ್ತನಾಲ್ಕರವರೆಗೆ ಬೆಣೆ ಬಿಚ್ಚಿಕೊಂಡು ಬರುತ್ತಿದ್ದ. ತಟ್ಟೆ ನನ್ನ ಬೀರುವಿನೊಳಗೆ. ಬೀಗದ ಕೈ ನನ್ನ ಜೇಬಿನಲ್ಲಿ. ಇನ್ಸ್‌ಪೆಕ್ಟರ್ ಬೆನ್ನಿಗೆ ಕೈಕಟ್ಟಿಕೊಂಡು ಒಂದು ಸುತ್ತು ಹಾಕಿ, ಲಕೋಟೆ ತೆಗೆದುಕೊಂಡು ಹೋಗುತ್ತಿದ್ದ.

ಆದರೆ ಆ ಒಂದು ದಿನವಿಡೀ ಇಪ್ಪತ್ತನಾಲ್ಕು ಪ್ರೆಸ್ಸೂ ನಿಧಾನವಾಗಿ ಬಡಿಯುತ್ತಿದ್ದವು. ಹೆಂಗಸರು ಅದನ್ನು ಎರಡು ಕೈ ದಿನ ಎನ್ನುತ್ತಿದ್ದರು. ಅವತ್ತು ಅವರು ಅಚ್ಚಿನಿಂದ ಕಣ್ಣು ತೆಗೆದು ಒಬ್ಬರನ್ನೊಬ್ಬರು ನೋಡಬಹುದಿತ್ತು. ಕೈಗಳು ಗುಂಡಿಯ ಮೇಲೆ, ಬಾಯಿ ಬಿಡುವಾಗಿ. ಇಡೀ ವರ್ಷದ ಮಾತು ಅವತ್ತು ಆಡುತ್ತಿದ್ದರು. ಯಾರ ಗಂಡ ಸುಧಾರಿಸಿದ, ಯಾರ ಮಗಳು ನೆರೆದಳು, ಯಾರ ಅತ್ತೆ ಇನ್ನೂ ಬದುಕಿದ್ದಾಳೆ. ನಗು ನನ್ನ ಕೋಣೆಯವರೆಗೆ ಬರುತ್ತಿತ್ತು.

ಎಲ್ಲರಿಗಿಂತ ಜೋರು ನಗು ಒಂಬತ್ತನೆಯ ಪ್ರೆಸ್ಸಿನ ಅತ್ತಿಗೆಯದು. ಹತ್ತನೆಯ ಪ್ರೆಸ್ಸಿನಲ್ಲಿ ಅವಳ ಗಂಡನ ತಂಗಿ. ಅವಳು "ಅತ್ತಿಗೇ" ಎಂದು ಕೂಗಿ ಕೂಗಿ, ಕಡೆಗೆ ಇಡೀ ಕಾರ್ಖಾನೆಗೆ ಒಬ್ಬಳೇ ಅತ್ತಿಗೆಯಾದಳು. ಕೂಗಿದವಳು ನಾದಿನಿಯಾದಳು. ಮೇಸ್ತ್ರಿ ಕೂಡ, ಅತ್ತಿಗೆಗಿಂತ ಇಪ್ಪತ್ತು ವರ್ಷ ದೊಡ್ಡವನು, ಅತ್ತಿಗೆ ಎಂದೇ ಕರೆಯುತ್ತಿದ್ದ.

ಹೋದ ವರ್ಷ ದೇಶವನ್ನು ಬಿಚ್ಚಿಬಿಟ್ಟರು. ಪತ್ರಿಕೆಯಲ್ಲಿ ಮೊದಲ ಪುಟದಲ್ಲೇ ಬಂತು. ಉದ್ಯಮ ನಡೆಸಲು ಸಲೀಸಾದ ದೇಶಗಳ ಪಟ್ಟಿಯಲ್ಲಿ ನಾವು ಎಂಬತ್ತೇಳನೆಯ ಸ್ಥಾನದಲ್ಲಿ ಇದ್ದೆವಂತೆ. ಎರಡು ವರ್ಷದೊಳಗೆ ಐವತ್ತರ ಒಳಗೆ ಬರಬೇಕಂತೆ. ಅಡ್ಡಿಯಾಗಿದ್ದದ್ದು ಕಾನೂನುಗಳಂತೆ. ಯಜಮಾನರು ನಮ್ಮನ್ನೆಲ್ಲ ಸೇರಿಸಿ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಮಾತಾಡಿದರು.

"ಇಷ್ಟು ದಿನ ನಮ್ಮ ಕೈಕಾಲು ಕಟ್ಟಿಹಾಕಿದ್ರು. ಈಗ ಬಿಚ್ಚಿದಾರೆ. ಇನ್ನು ನಾವು ಇಡೀ ಪ್ರಪಂಚದ ಜೊತೆ ಓಟಕ್ಕೆ ನಿಂತಿದೀವಿ."

"ಓಡೋದು ಯಾರು ಸಾರ್?" ಅತ್ತಿಗೆ ಹಿಂದಿನಿಂದ ಕೇಳಿದಳು.

"ಎಲ್ಲರೂನೂ ಅಮ್ಮ. ನಾನೂ ನೀನೂ."

"ಹಾಗಾದ್ರೆ ನೀವು ಪೆಟ್ಟಿಗೆಯಿಂದ ಇಳೀರಿ."

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಅವರು ಕೆಟ್ಟವರಲ್ಲ. ಎಂದರೆ, ಇಳಿಯಲಿಲ್ಲ, ಅಷ್ಟೇ.

ಬಿಚ್ಚಿದ್ದರಿಂದ ಮೊದಲು ಲಾಭವಾದದ್ದು ನನಗೆ. ನಾನು ಇಪ್ಪತ್ತೊಂಬತ್ತು ಪುಸ್ತಕ ಬರೆಯುತ್ತಿದ್ದೆ. ಹಾಜರಿ, ಗಾಯ, ದುರಸ್ತಿ, ರಜೆ, ಕುಡಿಯುವ ನೀರು. ಇಪ್ಪತ್ತೊಂಬತ್ತೂ ರದ್ದಾಗಿ ಒಂದೇ ಒಂದು ನಮೂನೆ ಬಂತು. ಅದರ ಹೆಸರು ಸ್ವಯಂ ದೃಢೀಕರಣ. ನನ್ನ ಕಾರ್ಖಾನೆಯನ್ನು ನಾನೇ ಪರೀಕ್ಷಿಸಿದ್ದೇನೆ, ಎಲ್ಲ ಸರಿಯಾಗಿದೆ ಎಂದು ಮಾಲೀಕರೇ ಬರೆದುಕೊಡುವುದು. ಪರೀಕ್ಷೆ ಬರೆದವನೇ ತಿದ್ದಿಕೊಂಡರೆ ದೇಶದಲ್ಲಿ ಫೇಲಾಗುವವರು ಯಾರು? ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿದ ದಿನ ನಾನು ಸೀಟಿ ಹೊಡೆದುಕೊಂಡು ಮನೆಗೆ ಹೋದೆ. ಇದನ್ನು ಬರೆಯುವಾಗ ಮರೆಮಾಚುವುದು ಬೇಡ.

ಇನ್ಸ್‌ಪೆಕ್ಟರ್ ಬರಬೇಕಾಗಿದ್ದ ತಿಂಗಳು ಬಂತು. ಹೆಂಗಸರು ಕಿಟಕಿಯ ಹತ್ತಿರ ಬಂದು ಕೇಳತೊಡಗಿದರು.

"ಎರಡು ಕೈ ದಿನ ಯಾವಾಗ ಗುಮಾಸ್ತರೇ?"

"ಇನ್ನು ಇಲ್ಲ. ಕಾನೂನು ತೆಗೆದುಬಿಟ್ರು."

"ಅಯ್ಯೋ, ಅವನು ಸತ್ತನಾ?"

"ಸತ್ತಿಲ್ಲ. ಬರೋ ಹಾಗಿಲ್ಲ."

ಅತ್ತಿಗೆ ಎಲ್ಲರನ್ನೂ ಸರಿಸಿ ಕಿಟಕಿಗೆ ಬಂದಳು. "ಕಳ್ಳ ಪೊಲೀಸು ಅಂತ ಬೈತಿದ್ವಿ. ಈಗ ಕಳ್ಳ ಪೊಲೀಸೂ ಇಲ್ಲ. ಬರೀ ಕಳ್ಳ" ಎಂದಳು.

ಒಂಬತ್ತನೆಯ ಪ್ರೆಸ್ಸಿಗೆ ಬಿಕ್ಕಳಿಕೆ ಶುರುವಾದದ್ದು ಆ ತಿಂಗಳೇ. ಬಿಕ್ಕಳಿಕೆ ಎಂದು ಹೆಸರಿಟ್ಟವಳು ಅತ್ತಿಗೆ. ಒಂದು ಸಲ ಒತ್ತಿದರೆ ಅಚ್ಚು ಬಿದ್ದು ಮೇಲೇಳಬೇಕು, ಅಷ್ಟೇ. ಇದು ಎದ್ದಂತೆ ಮಾಡಿ, ಯಾರೂ ಒತ್ತದೆ, ಇನ್ನೊಂದು ಸಲ ಬೀಳುತ್ತಿತ್ತು. ದಿನಕ್ಕೆ ಒಂದು ಸಲ, ಎರಡು ಸಲ. ಒಳಗಿನ ಕೀಲು ಸವೆದಿದೆ, ನಿಲ್ಲಿಸಿ ಬಿಚ್ಚಬೇಕು, ಎರಡು ದಿನದ ಕೆಲಸ ಎಂದ ಮೇಸ್ತ್ರಿ. ಎರಡು ದಿನ ಎಂದರೆ ನಾಲ್ಕು ಸಾವಿರ ನಾಲಿಗೆ. ಹಡಗು ಕಾಯುವುದಿಲ್ಲ ಎಂದರು ಯಜಮಾನರು.

ಅತ್ತಿಗೆ ಮೂರು ಸಲ ನನ್ನ ಹತ್ತಿರ ಬಂದಳು. "ಬಿಕ್ಕಳಿಕೆ ಜಾಸ್ತಿ ಆಗಿದೆ, ಬರ್ಕೊಳ್ಳಿ."

"ಎಲ್ಲಿ ಬರೀಲಿ? ದುರಸ್ತಿ ಪುಸ್ತಕ ರದ್ದಾಗಿದೆ."

"ಕೈ ಮೇಲೆ ಬರ್ಕೊಳ್ಳಿ. ಅದನ್ನ ಇನ್ನೂ ರದ್ದು ಮಾಡಿಲ್ಲವಲ್ಲ."

ನಾನು ನಕ್ಕೆ. ಬರೆದುಕೊಳ್ಳಲಿಲ್ಲ.

ಒಂದು ಮಂಗಳವಾರ, ಊಟದ ಗಂಟೆಗೆ ಹತ್ತು ನಿಮಿಷ ಇರುವಾಗ ಒಂಬತ್ತು ಬಿಕ್ಕಳಿಸಿತು. ಅತ್ತಿಗೆಯ ಎಡಗೈ ಪಟ್ಟಿ ತಳ್ಳುತ್ತಿತ್ತು. ಅವಳು ಕೂಗಲಿಲ್ಲ. ಕೂಗಿದವಳು ಪಕ್ಕದ ನಾದಿನಿ. ಹೆಬ್ಬೆಟ್ಟು, ಕಿರುಬೆರಳು ಉಳಿದವು. ನಡುವಿನ ಮೂರು ಇರಲಿಲ್ಲ. ನಾದಿನಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆ ಕೈಗೆ ಸುತ್ತಿದಳು. ಬೆರಳುಗಳಿಗಾಗಿ ಇಬ್ಬರು ಹೆಂಗಸರು ಕತ್ತರಿಸಿ ಬಿದ್ದ ಉಕ್ಕಿನ ಚೂರಿನ ಡಬ್ಬಿಯಲ್ಲಿ ಕೈಯಾಡಿಸಿ ಹುಡುಕಿದರು. ಎರಡು ಸಿಕ್ಕವು. ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ.

ನಲವತ್ತು ನಿಮಿಷದಲ್ಲಿ ಒಂಬತ್ತು ಮತ್ತೆ ಶುರುವಾಯಿತು. ಅಚ್ಚಿನೊಳಗೆ ಉಳಿದಿದ್ದ ನಾಲಿಗೆಯನ್ನು ಪರೀಕ್ಷಿಸುವವಳು ನೋಡಿ, ಕಲೆ ಇದೆ ಎಂದು ಕೆಂಪು ಡಬ್ಬಿಗೆ ಹಾಕಿದಳು. ಅವಳಿಗೆ ಕಲಿಸಿದ್ದು ಅಷ್ಟೇ.

ಆ ಒಂದು ನಮೂನೆಯಲ್ಲಿ ಅಪಘಾತಕ್ಕೂ ಒಂದು ಕಾಲಂ ಇದೆ. ಕಾರಣ: ಯಂತ್ರದ ದೋಷ ಅಥವಾ ಕಾರ್ಮಿಕರ ನಿರ್ಲಕ್ಷ್ಯ. ಯಂತ್ರದ ದೋಷ ಎಂದು ಗುರುತು ಹಾಕಿದರೆ ಸರ್ಕಾರದಿಂದ ಯಾರಾದರೂ ಬಂದು ನೋಡಬೇಕು. ನಿರ್ಲಕ್ಷ್ಯ ಎಂದು ಹಾಕಿದರೆ ಯಾರೂ ಬರಬೇಕಾಗಿಲ್ಲ. ನಿರ್ಲಕ್ಷ್ಯ ಮಾಡಿದವರನ್ನು ನೋಟಿಸಿಲ್ಲದೆ ಕೆಲಸದಿಂದ ತೆಗೆಯಬಹುದು, ಅದೂ ಹೊಸದಾಗಿ ಬಿಚ್ಚಿದ್ದೇ. ಹೀಗಾಗಿ ದೇಶದ ಯಂತ್ರಗಳೆಲ್ಲ ರಾತ್ರೋರಾತ್ರಿ ಸಂಭಾವಿತವಾದವು. ತಪ್ಪು ಮಾಡುವವರು ಮನುಷ್ಯರು ಮಾತ್ರ.

ಯಜಮಾನರು ಹೇಳಿದರು, ನಾನು ಹಳೆಯ ಟೈಪ್‌ರೈಟರಿನಲ್ಲಿ ಟೈಪ್ ಮಾಡಿದೆ: 'ಸದರಿ ಕಾರ್ಮಿಕರು ಆಡಳಿತದ ಗಮನಕ್ಕೆ ತಾರದೆ, ತಾವೇ ತಂದ ಲೋಹದ ತುಂಡೊಂದನ್ನು ಗುಂಡಿಗೆ ಸಿಕ್ಕಿಸಿ, ಸುರಕ್ಷತಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿದ ಕಾರಣ.' ಅವರು ಹೇಳಿದ್ದು "ಅವಳೇ ಏನೋ ತಂದು ಸಿಗಿಸ್ಕೊಂಡ್ಳು ಅಂತ ಬರಿ" ಎಂದಷ್ಟೇ. ಉಳಿದ ಭಾಷೆ ನನ್ನದು. ವಾಕ್ಯ ಚೆನ್ನಾಗಿ ಬಂದಿದೆ ಎಂದು ಆಗ ನನಗೆ ಅನಿಸಿದ್ದೂ ಉಂಟು.

ಹತ್ತು ದಿನದ ಮೇಲೆ ಅತ್ತಿಗೆ ರಸ್ತೆ ಕಡೆಯ ಕಿಟಕಿಗೆ ಬಂದಳು. ಗೇಟಿನೊಳಗೆ ಬಿಡಬಾರದೆಂದು ಹೇಳಿದ್ದರು. ಕೈಗೆ ದಪ್ಪ ಕಟ್ಟು. ಮುಖ ಸೊರಗಿತ್ತು, ಮಾತು ಸೊರಗಿರಲಿಲ್ಲ.

"ನನ್ನ ಬಗ್ಗೆ ಏನು ಬರ್ದಿದೀರಿ? ಓದಿ."

ಓದಿದೆ.

"ಸದರಿ ಅಂದ್ರೆ ಯಾರು?"

"ನೀವೇ."

"ಇಷ್ಟು ವರ್ಷ ಅತ್ತಿಗೆ ಆಗಿದ್ದೆ. ಮೂರು ಬೆರಳು ಹೋಗಿದ್ದಕ್ಕೆ ಸದರಿ ಆದ್ನಾ?" ಕಿಟಕಿಯ ಸರಳಿಗೆ ಬಲಗೈ ಹಿಡಿದಳು. "ತಾವೇ ತಂದ ಅಂತ ಬರ್ದಿದೀರಲ್ಲ, ಎಲ್ಲಿಂದ ತಂದೆ? ತವರುಮನೆಯವರು ಬಳುವಳಿ ಕೊಟ್ರು ಅಂತ್ಲೂ ಸೇರಿಸಿ. ಅದರ ಮೇಲೆ ಒಂಬತ್ತು ಅಂತ ನಂಬರು ಕೊರೆದದ್ದು ನಮ್ಮಪ್ಪ ಅಂತ್ಲೂ ಸೇರಿಸಿ."

ನಾನು ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟೆ.

"ಬೆರಳು ಹೋಯ್ತು, ಸರಿ. ಅದನ್ನ ನೀವು ವಾಪಸ್ ಕೊಡೋಕಾಗಲ್ಲ. ತಪ್ಪು ನನ್ನದು ಅಂತ ಯಾಕೆ ಬರೀತೀರಿ? ಇದ್ದ ಕೈನೂ ಕಿತ್ಕೊಂಡು, ಕಿತ್ಕೊಂಡವಳು ನೀನೇ ಅಂದ್ರೆ?" ಕಾಗದ ತೋರಿಸಿ ಕೇಳಿದಳು. "ಇದಕ್ಕೆ ಸಾಕ್ಷಿ ಸಹಿ ಬೇಕಲ್ವಾ? ಯಾರದು?"

"ಪಕ್ಕದ ಪ್ರೆಸ್ಸಿನವರದು."

ಅವಳು ಸರಳು ಬಿಟ್ಟಳು. ಪಕ್ಕದ ಪ್ರೆಸ್ಸು ಎಂದರೆ ನಾದಿನಿ.

ನಾದಿನಿಯನ್ನು ಅವತ್ತೇ ನನ್ನ ಕೋಣೆಗೆ ಕರೆಸಿದರು. ಯಜಮಾನರು ಕುರ್ಚಿ ಕೊಟ್ಟರು. ಹೆಂಗಸರಿಗೆ ಆ ಕೋಣೆಯಲ್ಲಿ ಕುರ್ಚಿ ಕೊಟ್ಟದ್ದು ಅದೇ ಮೊದಲು. ಅವಳು ಕೂರಲಿಲ್ಲ.

"ನೋಡಮ್ಮ, ಬುಧವಾರ ಕೊಳ್ಳೋರ ಕಡೆಯಿಂದ ಒಬ್ಬರು ಮೇಡಂ ಬರ್ತಾ ಇದಾರೆ. ಯಂತ್ರದಿಂದ ಅಪಘಾತ ಆದ ಕಡೆ ಅವರು ಮಾಲು ತಗೊಳಲ್ಲ. ಈ ಕಾಗದ ಅವರ ಕೈಗೆ ಕೊಡ್ಬೇಕು. ಪಕ್ಕದ ದೇಶದಲ್ಲಿ ನಿಮಿಷಕ್ಕೆ ಏಳು ಹೊಡೀತಾರೆ. ನಾವು ಐದು. ಆರ್ಡರ್ ಅಲ್ಲಿಗೆ ಹೋದ್ರೆ ಇಪ್ಪತ್ತನಾಲ್ಕು ಮನೆ ಒಲೆ ಆರತ್ತೆ."

"ಏಳು ಹೊಡೆಯೋ ಕಡೆ ಹೆಂಗಸರಿಗೆ ಎಷ್ಟು ಬೆರಳು ಸಾರ್?"

ಯಜಮಾನರು ಕೇಳಿಸದವರಂತೆ ಮುಂದುವರಿಸಿದರು. "ನಿಮ್ಮತ್ತಿಗೆ ಇನ್ನು ಕೆಲಸಕ್ಕೆ ಬರೋ ಹಾಗಿಲ್ಲ. ಮನೇಲಿ ದುಡಿಯೋಳು ನೀನೊಬ್ಳೇ. ನಿನ್ನ ಲೈನ್ ಲೀಡರ್ ಮಾಡ್ತೀನಿ. ಅಲ್ಲಿವರೆಗೆ ಒಂಬತ್ತನ್ನ ನೀನೇ ನೋಡ್ಕೋ."

"ಬಿಕ್ಕಳಿಕೆ ನಿಂತಿದ್ಯಾ?"

"ಹುಷಾರಾಗಿ ಮಾಡಿದ್ರೆ ಏನೂ ಆಗಲ್ಲ."

ಅವಳು ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು. "ಬುಧವಾರ ಹಾಕ್ತೀನಿ" ಎಂದು ಹೊರಟುಹೋದಳು.

ಬುಧವಾರ ಎಂಟು ಗಂಟೆಗೆ ನಾದಿನಿ ಒಂಬತ್ತರ ಮುಂದೆ ನಿಂತಳು. ಅತ್ತಿಗೆ ರಸ್ತೆ ಕಿಟಕಿಯ ಹೊರಗೆ ಆಗಲೇ ಬಂದು ನಿಂತಿದ್ದಳು. ಯಾರು ಸಹಿ ಹಾಕುತ್ತಾರೋ ಕಣ್ಣಾರೆ ನೋಡುತ್ತೇನೆ ಎಂದಳು. ನಾನು ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ. ನಾದಿನಿ ಎಡಗಡೆಯ ಗುಂಡಿಯಿಂದ ಬೆಣೆ ಕಿತ್ತಳು. ಜೇಬಿಗೆ ಹಾಕಿಕೊಂಡಳು. ಎರಡೂ ಕೈ ಎರಡೂ ಗುಂಡಿಯ ಮೇಲಿಟ್ಟು ಒತ್ತಿದಳು. ಅಚ್ಚು ಬಿತ್ತು. ಎದ್ದಿತು. ಮತ್ತೊಂದು ಸಲ ತಾನಾಗಿಯೇ ಬಿತ್ತು. ಕೆಳಗೆ ಯಾರ ಕೈಯೂ ಇರಲಿಲ್ಲ.

ಎಂಟನೆಯ ಪ್ರೆಸ್ಸಿನವಳು ಅದನ್ನು ನೋಡಿದಳು. ಅವಳೂ ಬೆಣೆ ಕಿತ್ತಳು. ಆಮೇಲೆ ಹತ್ತಕ್ಕೆ ಹೊಸದಾಗಿ ಬಂದಿದ್ದ ಹುಡುಗಿ. ಆಮೇಲೆ ಏಳು, ಆರು. ಉಳಿದವರು ಹೆದರಿ, ತಲೆತಗ್ಗಿಸಿ, ಒಂದು ಕೈಯಲ್ಲೇ ಹೊಡೆಯುತ್ತಿದ್ದರು. ಬಂಡಾಯ ಅಲ್ಲಿಗೇ, ಐದು ಪ್ರೆಸ್ಸಿಗೇ ನಿಂತುಹೋಗುತ್ತಿತ್ತು. ಮೇಸ್ತ್ರಿ ಬರದಿದ್ದರೆ.

ಮೇಸ್ತ್ರಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಹಿಂದಿನ ಕೋಣೆಯಲ್ಲಿ ಸಾಣೆ ಹಿಡಿಯುತ್ತಿದ್ದ. ಐದು ಪ್ರೆಸ್ಸು ನಿಧಾನವಾದದ್ದು ಅಂಗಾಲಿಗೆ ತಿಳಿಯಿತು. ಮೂವತ್ತು ವರ್ಷದಲ್ಲಿ ಪ್ರೆಸ್ಸು ಹಾಗೆ ಬಡಿದದ್ದು ಒಂದೇ ಕಾರಣಕ್ಕೆ. ಇನ್ಸ್‌ಪೆಕ್ಟರ್ ಬಂದಿದ್ದಾನೆ! ತಟ್ಟೆ ಹಿಡಿದು ಓಡಿ ಬಂದ.

"ಯಾರಾದ್ರೂ ಮೊದಲೇ ಹೇಳೋದಲ್ವಾ? ಗೇಟಿಗೆ ಬಂದ್ಮೇಲೆ ಹೇಳ್ತೀರಾ? ಬಿಚ್ಚಿ, ಬಿಚ್ಚಿ!" ಎಂದು ಕೂಗುತ್ತಾ ಒಂದನೆಯ ಪ್ರೆಸ್ಸಿನಿಂದ ಶುರುಮಾಡಿದ. ಕಿವುಡನ ಕೂಗು ಪ್ರೆಸ್ಸಿನ ಸದ್ದಿಗಿಂತ ದೊಡ್ಡದು. ಹೆದರಿ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿಯೇ ಬಿಚ್ಚಿದರೆ ಅವರ ತಪ್ಪೇನು? ಒಬ್ಬಳು ಕಿಸಕ್ಕನೆ ನಕ್ಕಳು. ಕೊಟ್ಟರು. ಎಲ್ಲರೂ ಕೊಟ್ಟರು. ಹತ್ತು ನಿಮಿಷದೊಳಗೆ ಇಡೀ ಕಾರ್ಖಾನೆ ಎರಡು ಕೈಯಲ್ಲಿ ಬಡಿಯುತ್ತಿತ್ತು.

ಮೇಸ್ತ್ರಿ ತಟ್ಟೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಸಾಲಾಗಿ ಜೋಡಿಸಿದ್ದ. "ಇಪ್ಪತ್ಮೂರು. ಒಂಬತ್ತು ಬಂದಿಲ್ಲ. ಬೀರು ತೆಗೀರಿ."

"ಇನ್ಸ್‌ಪೆಕ್ಟರ್ ಬಂದಿಲ್ಲ ಮೇಸ್ತ್ರೀ" ಎಂದು ಅವನ ಕಿವಿಗೆ ಕೂಗಿದೆ.

ಅವನು ನೆಲ ನೋಡಿದ. ಪಾದ ಎತ್ತಿ ಮತ್ತೆ ಇಟ್ಟ. "ಬಂದಿರೋ ಹಾಗಿದೆ" ಎಂದ.

ಹತ್ತು ಗಂಟೆಗೆ ಯಜಮಾನರು ಮೇಡಂ ಜೊತೆ ಒಳಗೆ ಬಂದರು. ಬಾಗಿಲಲ್ಲೇ ಅವರಿಗೆ ಸದ್ದು ಗೊತ್ತಾಯಿತು. ಅವರ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತು. ಮೇಡಂ ಒಂದೊಂದೇ ಪ್ರೆಸ್ಸಿನ ಮುಂದೆ ನಿಂತು ನೋಡಿದಳು. ಎರಡು ಕೈ, ಎರಡು ಗುಂಡಿ. ಬಹಳ ಸಂತೋಷಪಟ್ಟಳು. ಒಂದು ನಾಲಿಗೆ ಎತ್ತಿ ಅಂಚು ಸವರಿದಳು. ಅವಳ ಬೆರಳಿಗೆ ಏನೂ ಆಗಲಿಲ್ಲ. ನಿಯಮವನ್ನು ಇಷ್ಟು ಚೆನ್ನಾಗಿ ಪಾಲಿಸುವ ಹೆಂಗಸರನ್ನು ನೋಡೇ ಇಲ್ಲ ಎಂದಳಂತೆ. ಯಜಮಾನರು ಏನು ಮಾಡಬೇಕು? ಬೆಣೆ ಹಾಕ್ರೇ ಎಂದು ಅವಳೆದುರು ಕೂಗುವ ಹಾಗಿಲ್ಲ. ಕೆಲಸ ನಿಂತಿಲ್ಲ, ಮುಷ್ಕರ ಎನ್ನುವ ಹಾಗೂ ಇಲ್ಲ. ಪ್ರತಿ ಪ್ರೆಸ್ಸಿನ ಹಣೆಯ ಮೇಲೆ 'ಎರಡೂ ಕೈ ಬಳಸಿ' ಎಂದು ಬರೆದು ಅಂಟಿಸಿರುವುದನ್ನೇ ಹೆಂಗಸರು ಮಾಡುತ್ತಿದ್ದರು. ಓದಲು ಬಾರದವರೂ ಅಂದು ಅದನ್ನು ಅಕ್ಷರಶಃ ಪಾಲಿಸಿದರು.

ಮೇಡಂಗೆ ಟೀ ಕೊಟ್ಟು ತಮ್ಮ ಕೋಣೆಯಲ್ಲಿ ಕೂರಿಸಿ ಯಜಮಾನರು ನನ್ನ ಕೋಣೆಗೆ ಬಂದರು. ಬಾಗಿಲು ಹಾಕಿದರು. ತಟ್ಟೆ ನೋಡಿದರು. "ಇದನ್ನ ಮೊದಲು ಒಳಗಿಡು. ಅವಳನ್ನ ಕರಿ."

ನಾದಿನಿ ಬಂದಳು. ಈ ಸಲ ಕುರ್ಚಿ ಕೊಡಲಿಲ್ಲ.

"ಆಟ ಆಡಿದ್ದು ಸಾಕು. ಸಹಿ ಹಾಕು. ಹಾಕದಿದ್ರೆ ಈಗಲೇ ಗೇಟಿನ ಹೊರಗೆ. ನಿಮ್ಮತ್ತಿಗೆ ಪಕ್ಕ ನಿಂತ್ಕೋ."

"ಎಲ್ಲಿ ಹಾಕ್ಬೇಕು?"

ನಾನು ಬೆರಳಿಟ್ಟು ತೋರಿಸಿದೆ. ಸಾಕ್ಷಿಯ ಸಹಿ ಅಥವಾ ಹೆಬ್ಬೆಟ್ಟು. ಮಸಿಯ ಡಬ್ಬಿ ಪಕ್ಕದಲ್ಲಿತ್ತು.

ನಾದಿನಿಗೆ ಓದಲು ಬರೆಯಲು ಬರುತ್ತದೆ. ಅವಳು ಪೆನ್ನು ಮುಟ್ಟಲಿಲ್ಲ. ಜೇಬಿನಿಂದ ಬೆಣೆ ತೆಗೆದಳು. ಮಸಿಗೆ ಒತ್ತಿದಳು. ಕಾಗದದ ಮೇಲೆ ಇಟ್ಟು ಅಂಗೈಯಿಂದ ಗುದ್ದಿದಳು. ಎತ್ತಿದಾಗ ಅಲ್ಲೊಂದು ಕಪ್ಪು ಚೌಕ, ಅದರ ನಡುವೆ ಬೆಳ್ಳಗೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಒಂಬತ್ತು.

"ಅಲ್ಲಿ ಇದ್ದದ್ದು ಇದು. ನೋಡಿದ್ದು ಇದು. ಇದೇ ಸಾಕ್ಷಿ" ಎಂದಳು. "ಇಪ್ಪತ್ನಾಕು ಮಾಡಿಸಿದೀರಿ ಅಂತ ಮೇಸ್ತ್ರಿ ಸಾಮಾನಿನ ಪುಸ್ತಕದಲ್ಲಿ ಇನ್ನೂ ಇದೆ. ನಾನು ಒಂಬತ್ತಕ್ಕೆ ಮತ್ತೆ ಬೆಣೆ ಹಾಕಲ್ಲ. ಗೇಟಿನ ಹೊರಗಂದ್ರೆ ಹೊರಗೆ."

ಪ್ರೆಸ್ಸಿನ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗಮನಿಸಲಿಲ್ಲ. ಒಳಗಿನ ಕಿಟಕಿಯ ತುಂಬ ಮುಖಗಳು. ಮೇಸ್ತ್ರಿಯ ಮುಖವೂ.

ಯಜಮಾನರು ಕಾಗದವನ್ನು ಹರಿದರು. ನನ್ನ ಕಡೆ ತಿರುಗಿ, "ಇನ್ನೊಂದು ಟೈಪ್ ಮಾಡು. ಸಾಕ್ಷಿ ಜಾಗದಲ್ಲಿ ನಿನ್ನ ಹೆಸರು ಹಾಕು" ಎಂದರು.

ಹದಿನೇಳು ವರ್ಷದಲ್ಲಿ ಅವರು ಹೇಳಿದ್ದೆಲ್ಲ ಟೈಪ್ ಮಾಡಿದ್ದೇನೆ. ಕೈಗಳು ತಾವಾಗಿಯೇ ಮೇಲೆದ್ದವು. ಒಳಗಿನ ಕಿಟಕಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಆ ಕೈಗಳನ್ನೇ ನೋಡುತ್ತಿದ್ದರು. ಹೊರಗಿನ ಕಿಟಕಿಯಲ್ಲಿ ಒಬ್ಬಳು. ನಾನು ಕೈಗಳನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡೆ. ಅದನ್ನು ಧೈರ್ಯ ಎಂದು ದಯವಿಟ್ಟು ಕರೆಯಬೇಡಿ. ಒಬ್ಬ ಯಜಮಾನರಿಗಿಂತ ಅಷ್ಟು ಜನ ಹೆಂಗಸರ ಭಯ ದೊಡ್ಡದಾಗಿತ್ತು. ಏಳು ತಿಂಗಳ ಹಿಂದೆಯೇ ಆ ಭಯ ಆಗಬೇಕಾಗಿತ್ತು.

"ಏಳು" ಎಂದರು ಯಜಮಾನರು. ಎದ್ದೆ. ನನ್ನ ಕುರ್ಚಿಯಲ್ಲಿ ಅವರೇ ಕೂತರು. ಆಚೆ ಕೋಣೆಯಲ್ಲಿ ಮೇಡಂ ಕಾಯುತ್ತಿದ್ದಳು. ಅವರಿಗೆ ಕೀಲಿಗಳ ಪರಿಚಯವಿಲ್ಲ. ಬಲಗೈಯ ತೋರುಬೆರಳು ಚಾಚಿ 'ಸ' ಎಲ್ಲಿದೆಯೆಂದು ಹುಡುಕತೊಡಗಿದರು. ಸಿಕ್ಕಿತು. ಒತ್ತಿದರು. 'ದ' ಹುಡುಕಿದರು. ಹಣೆಯಲ್ಲಿ ಬೆವರು ಬಂತು. ಒಂದೇ ಬೆರಳು ಕೀಲಿಗಳ ಮೇಲೆ ಅಲೆಯುತ್ತಿತ್ತು.

ಅತ್ತಿಗೆ ಹೊರಗಿನ ಕಿಟಕಿಯ ಸರಳುಗಳ ನಡುವೆ ಕಟ್ಟು ಹಾಕಿದ ಕೈಯನ್ನು ತೂರಿಸಿ ಕೆಳಗಿನ ಹಲಗೆಯ ಮೇಲಿಟ್ಟಳು.

"ಎರಡು ಕೈ ಹಾಕಿ ಸಾರ್" ಎಂದಳು. "ಒಂದೇ ಕೈಲಿ ಮಾಡಿದ್ರೆ ಅಪಾಯ."